ಹತಸಾಕ್ಷಿಯಾದ ಪೆರ್ಪೆತುವಳ ಚರಿತ್ರೆ

ನಮ್ಮ ರಾಯಚೂರು ಸೀಮೆಯ ಮಸ್ಕಿಯಲ್ಲಿ 1915ರಲ್ಲಿ ಬೆಳಕಿಗೆ ಬಂದ ಶಾಸನವು ಅಶೋಕನ ಹೆಸರನ್ನು ಬಂಡೆಯಲ್ಲಿ ಉಳಿಸಿಕೊಟ್ಟಿದೆ. ಚಕ್ರವರ್ತಿಗೆ ಬಂಡೆಯೂ ಕಲ್ಕುಟಿಗರೂ ಇದ್ದರು. ರೋಮ್ ಸಾಮ್ರಾಜ್ಯದ ಸೆರೆಮನೆಯಲ್ಲಿದ್ದ ಪೆರ್ಪೆತುವಳಿಗಾದರೋ, ತಾನು ಕಲಿತ ಅಕ್ಷರವೊಂದೇ ಇದ್ದಿತು.

ಈಕೆ ಉತ್ತರ ಆಫ್ರಿಕದವಳು. ಕುಲೀನ ಮನೆತನದಲ್ಲಿ ಹುಟ್ಟಿ ಸದ್ವಿದ್ಯೆಯನ್ನು ಪಡೆದವಳು. ಸೆಪ್ಟಿಮಿಯಸ್ ಸೆವೆರಸನು ಆಳುತ್ತಿದ್ದ ಕಾಲದಲ್ಲಿ, ಸುಮಾರು 22ರ ಪ್ರಾಯದ ಈ ತರುಣಿಯು ಕ್ರೈಸ್ತಳೆಂಬ ಕಾರಣದಿಂದ ಸೆರೆಯಾದಳು. ಆಗ ಆಕೆಗೆ ಮೊಲೆಯುಣ್ಣುವ ಮಗನಿದ್ದನು. ಗರ್ಭಿಣಿಯಾದ ಫೆಲಿಸಿತಳೆಂಬ ದಾಸಿಯೂ ಆಕೆಯೊಡನೆ ಸೆರೆಯಲ್ಲಿದ್ದಳು.

ರೋಮನರ ಮನೆಗಳಲ್ಲಿ ತಂದೆಯ ಮಾತೇ ಕಟ್ಟಳೆ. ಅಂಥ ತಂದೆಯೇ ಮಗಳ ಪಾದಗಳಿಗೆರಗಿ, ತನ್ನ ನರೆತ ತಲೆಯನ್ನೂ ಹಸುಳೆಯನ್ನೂ ನೋಡೆಂದು ಅಂಗಲಾಚಿದನು. ಚಕ್ರವರ್ತಿಯ ಕ್ಷೇಮಕ್ಕಾಗಿ ಬಲಿಯರ್ಪಿಸಿದ್ದರೆ ಆಕೆ ಬದುಕುತ್ತಿದ್ದಳು. ವೃದ್ಧನಿಗಾಗಿ ಆಕೆಯ ಕರುಳು ಕರಗಿತು. ವಿಶ್ವಾಸವು ಮಾತ್ರ ಕದಲಲಿಲ್ಲ. ಅಧಿಕಾರಿಯಾದ ಹಿಲೇರಿಯಾನನು ಮೃಗಗಳಿಗೆ ಒಪ್ಪಿಸುವಂತೆ ತೀರ್ಪಿತ್ತನು.

ಸೆರೆಮನೆಯ ಕತ್ತಲೆ, ಮಗುವಿನ ಹಸಿವು, ತಾನು ಕಂಡ ದರ್ಶನಗಳು, ಇವೆಲ್ಲವನ್ನೂ ಆಕೆ ಲತೀನಿನಲ್ಲಿ ಸ್ವಹಸ್ತದಿಂದ ಬರೆದಳು. ಇದು ಕ್ರೈಸ್ತ ಸ್ತ್ರೀಯರ ಅತ್ಯಂತ ಪ್ರಾಚೀನ ಬರಹಗಳಲ್ಲಿ ಒಂದು. ಫೆಲಿಸಿತಳು ಸೆರೆಯಲ್ಲಿಯೇ ಹೆಣ್ಣುಮಗುವನ್ನು ಹೆತ್ತಳು. ಅದನ್ನು ವಿಶ್ವಾಸಿಯಾದ ಸಹೋದರಿಯೊಬ್ಬಳು ಸಾಕಿದಳು.

ಕ್ರಿ. ಶ. 203ನೆಯ ಮಾರ್ಚ್ 7ರಂದು ಕಾರ್ಥೇಜಿನ ರಂಗದಲ್ಲಿ ಕಾಡುಹಸುವು ಇಬ್ಬರನ್ನೂ ಕೆಡಹಿತು. ಪೆರ್ಪೆತುವಳು ಎದ್ದು, ಬಿದ್ದಿದ್ದ ದಾಸಿಗೆ ಕೈಕೊಟ್ಟು ಎಬ್ಬಿಸಿದಳು. ಕುಲೀನೆಯೂ ದಾಸಿಯೂ ಒಟ್ಟಿಗೆ ನಿಂತರು. ಬಳಿಕ ಕತ್ತಿಗೆ ಕೊರಳೊಡ್ಡಿದರು.

ಹೆತ್ತವರೇ, ಮಗಳು ಅಕ್ಷರ ಬಲ್ಲವಳಾದುದರಿಂದಲೇ ಆ ವೃದ್ಧ ತಂದೆಯ ಕಣ್ಣೀರೂ ಇಂದಿಗೂ ಮರೆಯಾಗದೆ ಉಳಿದಿದೆ.