ಹ್ಯೂ ಕ್ಲೆಗಾರ್ನ್

ಹ್ಯೂ ಫ್ರಾನ್ಸಿಸ್ ಕ್ಲಾರ್ಕ್ ಕ್ಲೆಗಾರ್ನ್ (ಆಗಸ್ಟ್ 9, 1820 – ಮೇ 16, 1895) ಸ್ಕಾಟ್ಲೆಂಡ್ ಮೂಲದ ವೈದ್ಯರು, ಸಸ್ಯವಿಜ್ಞಾನಿ ಹಾಗೂ ಮದರಾಸು ಪ್ರಾಂತ್ಯದ ಮೊದಲ ಅರಣ್ಯ ಸಂರಕ್ಷಣಾಧಿಕಾರಿ. ಬೆಟ್ಟದ ಇಳಿಜಾರಿನ ಕಾಡು ನಾಶವಾದರೆ ಅದರೊಡನೆ ಮಣ್ಣೂ ನೀರಿನ ಸೆಲೆಯೂ ನಾಶವಾಗುತ್ತವೆ ಎಂಬ ವಾದವನ್ನು ಸರ್ಕಾರದ ನೀತಿಯಾಗಿಸಲು ಶ್ರಮಿಸಿದವರಲ್ಲಿ ಇವರು ಪ್ರಮುಖರು. ಆ ನೀತಿಯ ಅಂಗವಾಗಿ ಕೆನರಾ ಪ್ರದೇಶದಲ್ಲಿ ಜಾರಿಗೆ ಬಂದ ಕುಮರಿ ಬೇಸಾಯದ ನಿರ್ಬಂಧವು ಇಂದಿಗೂ ಚರ್ಚೆಯಲ್ಲಿದೆ.

ಜನನ ಮತ್ತು ಶಿಕ್ಷಣ

ಕ್ಲೆಗಾರ್ನ್ ಮದರಾಸಿನಲ್ಲಿ ಜನಿಸಿದರು. ಬಾಲ್ಯದಲ್ಲಿಯೇ ಸ್ಕಾಟ್ಲೆಂಡಿನ ಸ್ಟ್ರಾವಿಥಿಯಲ್ಲಿದ್ದ ಅಜ್ಜನ ಮನೆಗೆ ಕಳುಹಿಸಲ್ಪಟ್ಟರು. ಎಡಿನ್‌ಬರೋ ವಿಶ್ವವಿದ್ಯಾಲಯದಿಂದ 1841ರಲ್ಲಿ ವೈದ್ಯಕೀಯ ಪದವಿ ಪಡೆದು, ಮರುವರ್ಷ ಈಸ್ಟ್ ಇಂಡಿಯಾ ಕಂಪನಿಯ ವೈದ್ಯಕೀಯ ಸೇವೆಗೆ ಸೇರಿದರು.

ಶಿವಮೊಗ್ಗದ ದಿನಗಳು

ಆಗ ಮೈಸೂರು ಸಂಸ್ಥಾನವು ಬ್ರಿಟಿಷ್ ಕಮಿಷನರ್ ಮಾರ್ಕ್ ಕಬ್ಬನ್ನರ ಆಡಳಿತದಲ್ಲಿತ್ತು. 1840ರ ದಶಕದ ಮಧ್ಯಭಾಗದಲ್ಲಿ ಕ್ಲೆಗಾರ್ನ್ ಶಿವಮೊಗ್ಗದಲ್ಲಿ ವೈದ್ಯರಾಗಿ ನೇಮಕಗೊಂಡರು. ಸಸ್ಯವಿಜ್ಞಾನಿ ವಿಲಿಯಂ ಹೂಕರ್ ನೀಡಿದ ಸಲಹೆಯಂತೆ ದಿನಕ್ಕೊಂದು ಸಸ್ಯವನ್ನು ಪರಿಶೀಲಿಸುವ ಅಭ್ಯಾಸ ಬೆಳೆಸಿಕೊಂಡು, ಸ್ಥಳೀಯ ಕಲಾವಿದರಿಂದ ಅವುಗಳ ಚಿತ್ರ ಬರೆಯಿಸಿದರು. ಮಲೆನಾಡಿನಲ್ಲಿ ಕಾಡು ಕಡಿಯುವ ಬಗೆಯನ್ನು ಕಣ್ಣಾರೆ ಕಂಡದ್ದು ಈ ಅವಧಿಯಲ್ಲಿಯೇ.

1851ರ ವರದಿ

ಅನಾರೋಗ್ಯದಿಂದ ಸ್ವದೇಶಕ್ಕೆ ಮರಳಿದ್ದ ಕ್ಲೆಗಾರ್ನ್, 1850ರಲ್ಲಿ ಎಡಿನ್‌ಬರೋದಲ್ಲಿ ನಡೆದ ಬ್ರಿಟಿಷ್ ಅಸೋಸಿಯೇಷನ್ ಅಧಿವೇಶನದಲ್ಲಿ ಭಾರತದ ಅರಣ್ಯನಾಶದ ವಿಷಯವನ್ನು ಮುಂದಿಟ್ಟರು. ಇದರ ಅಧ್ಯಯನಕ್ಕಾಗಿ ರಚಿತವಾದ ಸಮಿತಿಯು 1851ರಲ್ಲಿ ವರದಿ ಸಲ್ಲಿಸಿತು. ಭಾರತದ ಬೇರೆ ಬೇರೆ ಕಡೆಗಳ ಅಧಿಕಾರಿಗಳು ಹಾಗೂ ವಿಜ್ಞಾನಿಗಳು ಒದಗಿಸಿದ ಮಾಹಿತಿಯೇ ಅದಕ್ಕೆ ಆಧಾರವಾಗಿತ್ತು.

ಅರಣ್ಯ ಸಂರಕ್ಷಣಾಧಿಕಾರಿಯಾಗಿ

ಭಾರತಕ್ಕೆ ಹಿಂದಿರುಗಿ ಮದರಾಸು ವೈದ್ಯಕೀಯ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಬೋಧಿಸಿದ ಇವರು, 1856ರಲ್ಲಿ ಪ್ರಾಂತ್ಯದ ಅರಣ್ಯ ಇಲಾಖೆಯ ಹೊಣೆ ಹೊತ್ತರು. ಬೆಂಗಳೂರಿನ ಲಾಲ್‌ಬಾಗ್ ಅದೇ ವರ್ಷ ಸರ್ಕಾರಿ ಸಸ್ಯೋದ್ಯಾನವಾದಾಗ ಅದಕ್ಕೆ ಸಲಹೆಗಾರರಾಗಿದ್ದರು. 1861ರಲ್ಲಿ ಪ್ರಕಟವಾದ ಇವರ ಗ್ರಂಥವು ದಕ್ಷಿಣ ಭಾರತದ ಕಾಡು ಮತ್ತು ಉದ್ಯಾನಗಳನ್ನು ಕುರಿತದ್ದು. ಅನಂತರ ಪಂಜಾಬ್ ಹಾಗೂ ಪಶ್ಚಿಮ ಹಿಮಾಲಯದ ಅರಣ್ಯಗಳ ಸಮೀಕ್ಷೆ ನಡೆಸಿ, ಡೀಟ್ರಿಚ್ ಬ್ರಾಂಡಿಸರೊಡನೆ ಕಾರ್ಯನಿರ್ವಹಿಸಿದರು. ಭಾರತದ ಮೊದಲ ಅರಣ್ಯ ಕಾಯಿದೆ 1865ರಲ್ಲಿ ಜಾರಿಗೆ ಬಂದಿತು.

ಕುಮರಿ ಬೇಸಾಯದ ವಿವಾದ

ಬೆಟ್ಟದ ಇಳಿಜಾರಿನ ಗಿಡಮರ ಕಡಿದು, ಒಣಗಿಸಿ, ಸುಟ್ಟು, ಮಳೆಗಾಲದಲ್ಲಿ ಆ ಬೂದಿಯ ಮೇಲೆ ರಾಗಿ ಮುಂತಾದ ಧಾನ್ಯ ಬಿತ್ತುವ ಪದ್ಧತಿಗೆ ಕುಮರಿ ಎಂದು ಹೆಸರು. ಒಂದೆರಡು ಬೆಳೆಗಳ ನಂತರ ಆ ನೆಲವನ್ನು ಹಲವು ವರ್ಷ ಪಾಳು ಬಿಡುತ್ತಿದ್ದರು. ಕುಡುಬಿ, ಮರಾಟಿ, ಮಲೆಕುಡಿಯ ಮೊದಲಾದ ಸಮುದಾಯಗಳಿಗೆ ಇದು ಜೀವನಾಧಾರವಾಗಿತ್ತು. ಕ್ಲೆಗಾರ್ನ್ ಇದನ್ನು ಬೆಲೆಬಾಳುವ ಮರವನ್ನೂ ನೆಲದ ಸಾರವನ್ನೂ ಹಾಳುಮಾಡುವ ಪದ್ಧತಿಯೆಂದು ತೀವ್ರವಾಗಿ ವಿರೋಧಿಸಿದರು. 1860ರಲ್ಲಿ ಮದರಾಸು ಸರ್ಕಾರವು ಪೂರ್ವಾನುಮತಿಯಿಲ್ಲದೆ ಸರ್ಕಾರಿ ಕಾಡಿನಲ್ಲಿ ಕುಮರಿ ಮಾಡುವುದನ್ನು ನಿಷೇಧಿಸಿತು.

ಈ ಕ್ರಮದ ಹಿಂದೆ ಮಣ್ಣಿನ ಕಾಳಜಿಯಷ್ಟೇ ಇರಲಿಲ್ಲ. ಹಡಗು ಕಟ್ಟಲು ಮತ್ತು ರೈಲು ಹಳಿಯ ದಿಮ್ಮಿಗಳಿಗೆ ಮರ ಉಳಿಸಿಕೊಳ್ಳುವ ಅಗತ್ಯವೂ ಇತ್ತು. ನೆಲಕ್ಕೆ ಸಾಕಷ್ಟು ವಿಶ್ರಾಂತಿ ದೊರೆತರೆ ಕುಮರಿಯಿಂದ ಮಣ್ಣು ಚೇತರಿಸಿಕೊಳ್ಳಬಲ್ಲದೆಂದು ನಂತರದ ಹಲವು ವಿದ್ವಾಂಸರು ವಾದಿಸಿದ್ದಾರೆ. ಕಾಡನ್ನು ಕಾಯಿದೆ ಉಳಿಸಿತಾದರೂ ಅದನ್ನು ನಂಬಿ ಬದುಕಿದ್ದವರ ಪಾರಂಪರಿಕ ಹಕ್ಕು ಮೊಟಕಾಯಿತು.

ಕೊನೆಯ ವರ್ಷಗಳು

1860ರ ದಶಕದ ಕೊನೆಯಲ್ಲಿ ಸ್ಟ್ರಾವಿಥಿಗೆ ಮರಳಿದ ಕ್ಲೆಗಾರ್ನ್, 1872ರಿಂದ 1874ರವರೆಗೆ ಸ್ಕಾಟ್ಲೆಂಡಿನ ವೃಕ್ಷಕೃಷಿ ಸಂಘದ ಅಧ್ಯಕ್ಷರಾಗಿದ್ದರು. 1895ರಲ್ಲಿ ಅಲ್ಲಿಯೇ ನಿಧನರಾದರು. ಇವರ ಗೌರವಾರ್ಥ ಸಸ್ಯವಿಜ್ಞಾನಿ ರಾಬರ್ಟ್ ವೈಟ್ ಒಂದು ಸಸ್ಯಕುಲಕ್ಕೆ ಕ್ಲೆಗಾರ್ನಿಯಾ ಎಂದು ಹೆಸರಿಟ್ಟಿದ್ದಾರೆ. ಇವರು ಬರೆಯಿಸಿದ ಸಸ್ಯಚಿತ್ರಗಳ ಸಂಗ್ರಹ ಎಡಿನ್‌ಬರೋದ ರಾಯಲ್ ಸಸ್ಯೋದ್ಯಾನದಲ್ಲಿದೆ.