ಪಾಲ್ ಎರ್ಲಿಕ್

ಪಾಲ್ ಎರ್ಲಿಕ್ (ಮಾರ್ಚ್ ೧೪, ೧೮೫೪ – ಆಗಸ್ಟ್ ೨೦, ೧೯೧೫) ಜರ್ಮನಿಯ ಪ್ರಸಿದ್ಧ ವೈದ್ಯವಿಜ್ಞಾನಿ. ರೋಗನಿರೋಧಕ ಶಕ್ತಿಯನ್ನು ಕುರಿತ ಸಂಶೋಧನೆಗಾಗಿ ೧೯೦೮ರ ವೈದ್ಯಕೀಯ ನೊಬೆಲ್ ಪ್ರಶಸ್ತಿಯನ್ನು ಇಲ್ಯಾ ಮೆಚ್ನಿಕಾಫ್ ಅವರೊಡನೆ ಹಂಚಿಕೊಂಡರು. ಅಲರ್ಜಿಯಲ್ಲಿ ಹಿಸ್ಟಮೀನ್ ಎಂಬ ರಾಸಾಯನಿಕವನ್ನು ಹೊರಸೂಸುವ ಮಾಸ್ಟ್ ಕೋಶಗಳಿಗೆ ಹೆಸರಿಟ್ಟವರು ಇವರು. ಆ ಬಿಡುಗಡೆಯನ್ನು ನಿಯಂತ್ರಿಸುವ ಗ್ರಾಹಕಗಳ ಪರಿಕಲ್ಪನೆಗೆ ತಳಹದಿ ಹಾಕಿದವರಲ್ಲಿಯೂ ಇವರು ಪ್ರಮುಖರು. ಆದರೆ ಇವೆರಡರ ನಡುವಣ ಸಂಬಂಧವು ಅವರ ಜೀವಿತಕಾಲದಲ್ಲಿ ಬೆಳಕಿಗೆ ಬರಲಿಲ್ಲ.

ಜನನ ಮತ್ತು ವಿದ್ಯಾಭ್ಯಾಸ

ಎರ್ಲಿಕ್ ಅವರು ಸೈಲೀಸಿಯಾ ಪ್ರಾಂತದ ಸ್ಟ್ರೆಲೆನ್ ಪಟ್ಟಣದ ಯಹೂದಿ ಕುಟುಂಬವೊಂದರಲ್ಲಿ ಜನಿಸಿದರು. ಈ ಊರು ಈಗ ಪೋಲೆಂಡಿನಲ್ಲಿದೆ. ಬ್ರೆಸ್ಲಾವ್, ಸ್ಟ್ರಾಸ್‌ಬರ್ಗ್, ಫ್ರೈಬರ್ಗ್ ಮತ್ತು ಲೈಪ್ಜಿಗ್‌ಗಳಲ್ಲಿ ವೈದ್ಯಶಾಸ್ತ್ರ ಅಭ್ಯಸಿಸಿದರು. ಬಟ್ಟೆಗೆ ಹಾಕುವ ಅನಿಲೀನ್ ಬಣ್ಣಗಳಿಂದ ಅಂಗಾಂಶಗಳಿಗೆ ಬಣ್ಣ ಕೊಟ್ಟು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸುವುದರಲ್ಲಿ ಅವರಿಗೆ ವಿಶೇಷ ಆಸಕ್ತಿಯಿತ್ತು. ಬಂಧುಗಳಾದ ರೋಗಶಾಸ್ತ್ರಜ್ಞ ಕಾರ್ಲ್ ವೈಗರ್ಟ್ ಈ ವಿದ್ಯೆಯಲ್ಲಿ ಮೊದಲಿಗರಾಗಿದ್ದರು.

ಮಾಸ್ಟ್ ಕೋಶಗಳು

೧೮೭೮ರಲ್ಲಿ ಲೈಪ್ಜಿಗ್‌ನಲ್ಲಿ ಸಲ್ಲಿಸಿದ ಪ್ರಬಂಧದಲ್ಲಿ, ಒಡಲಿನ ತುಂಬ ಕಣಗಳಿದ್ದು ವಿಶಿಷ್ಟವಾಗಿ ಬಣ್ಣ ಹೀರುವ ಕೋಶಗಳನ್ನು ವರ್ಣಿಸಿದರು. ಇವು ಅತಿಪೋಷಣೆಯಿಂದ ತುಂಬಿಕೊಂಡಿವೆ ಎಂದು ಭಾವಿಸಿ, ಜರ್ಮನ್ ಭಾಷೆಯಲ್ಲಿ ಕೊಬ್ಬಿಸುವ ಮೇವು ಎಂಬರ್ಥದ ಮಾಸ್ಟ್ ಪದದಿಂದ ಹೆಸರಿಟ್ಟರು. ಊಹೆ ಸರಿಯಾಗಿರಲಿಲ್ಲವಾದರೂ ಹೆಸರು ಉಳಿಯಿತು.

ಗ್ರಾಹಕ ಸಿದ್ಧಾಂತ

ಬರ್ಲಿನ್ನಿನ ಶಾರಿಟೆ ಆಸ್ಪತ್ರೆಯಲ್ಲಿದ್ದಾಗ ಕ್ಷಯರೋಗಕ್ಕೆ ತುತ್ತಾದ ಎರ್ಲಿಕ್, ಚೇತರಿಕೆಗಾಗಿ ಈಜಿಪ್ಟಿಗೆ ಹೋಗಿ ೧೮೮೯ರಲ್ಲಿ ಮರಳಿದರು. ೧೮೯೭ರಲ್ಲಿ ಪಾರ್ಶ್ವಸರಪಣಿ ಸಿದ್ಧಾಂತವನ್ನು ಮಂಡಿಸಿದರು. ಜೀವಕೋಶದ ಮೇಲೆ ವಿಷವಸ್ತುವಿಗೆ ಬೀಗಕ್ಕೆ ಕೀಲಿಯಂತೆ ಹೊಂದುವ ರಚನೆಗಳಿರುತ್ತವೆ, ಅವು ಅಧಿಕವಾಗಿ ಉತ್ಪತ್ತಿಯಾಗಿ ರಕ್ತಕ್ಕೆ ಬಿದ್ದಾಗ ಪ್ರತಿಕಾಯಗಳಾಗುತ್ತವೆ ಎಂಬುದು ಅದರ ಸಾರ. ಈ ರಚನೆಗಳನ್ನೇ ಮುಂದೆ ಗ್ರಾಹಕಗಳೆಂದು ಕರೆದರು.

ಕೊನೆಯ ವರ್ಷಗಳು

೧೮೯೯ರಿಂದ ಫ್ರಾಂಕ್‌ಫರ್ಟ್ ಅವರ ಕಾರ್ಯಕ್ಷೇತ್ರವಾಯಿತು. ಅಲ್ಲಿ ಜಪಾನಿನ ಸಹಾಚಿರೊ ಹಾತಾ ಅವರೊಡನೆ ನಡೆಸಿದ ಪ್ರಯೋಗಗಳ ಫಲವಾಗಿ, ಸಿಫಿಲಿಸ್ ರೋಗಕ್ಕೆ ಸಾಲ್ವರ್ಸಾನ್ ಎಂಬ ಔಷಧವು ೧೯೧೦ರಲ್ಲಿ ಬಳಕೆಗೆ ಬಂದಿತು. ೧೯೧೫ರಲ್ಲಿ ಬಾಡ್ ಹೊಂಬುರ್ಗ್‌ನಲ್ಲಿ ನಿಧನರಾದರು.

ನಂತರದ ಬೆಳವಣಿಗೆ

ಮಾಸ್ಟ್ ಕೋಶದಲ್ಲಿ ಹಿಸ್ಟಮೀನ್ ಇರುವುದನ್ನು ಜೇಮ್ಸ್ ರೈಲಿ ಮತ್ತು ಜೆಫ್ರಿ ವೆಸ್ಟ್ ೧೯೫೩ರಲ್ಲಿ ತೋರಿಸಿದರು. ಅಲರ್ಜಿಗೆ ಕಾರಣವಾಗುವ ಐಜಿಇ ಪ್ರತಿಕಾಯವು ೧೯೬೦ರ ದಶಕದಲ್ಲಿ ಪತ್ತೆಯಾಯಿತು. ಈ ಪ್ರತಿಕಾಯಗಳು ಮಾಸ್ಟ್ ಕೋಶದ ಗ್ರಾಹಕಗಳಲ್ಲಿ ನೆಲೆಸಿರುತ್ತವೆ. ಕರ್ನಾಟಕದ ರಸ್ತೆಬದಿಗಳಲ್ಲಿ ಹಬ್ಬಿರುವ ಪಾರ್ಥೇನಿಯಂ, ಅಂದರೆ ಕಾಂಗ್ರೆಸ್ ಕಳೆಯ ಪರಾಗದಂತಹ ವಸ್ತುವು ಅಕ್ಕಪಕ್ಕದ ಪ್ರತಿಕಾಯಗಳನ್ನು ಸೇತುವೆಯಂತೆ ಬೆಸೆದಾಗ ಗ್ರಾಹಕಗಳು ಒಗ್ಗೂಡುತ್ತವೆ. ಆಗ ಕೋಶದೊಳಗೆ ಕ್ಯಾಲ್ಸಿಯಂ ಹೆಚ್ಚಿ, ಕಣಗಳು ಹಿಸ್ಟಮೀನನ್ನು ಹೊರಚೆಲ್ಲುತ್ತವೆ. ಅದೇ ಕೋಶದಲ್ಲಿ ಈ ಸಂಕೇತವನ್ನು ತಡೆಯುವ ಗ್ರಾಹಕಗಳೂ ಇವೆ. ಹೊರಬಂದ ಹಿಸ್ಟಮೀನ್ ರಕ್ತನಾಳ ಮತ್ತು ನರಗಳ ಎಚ್೧ ಗ್ರಾಹಕಗಳಿಗೆ ಅಂಟಿ ಸೀನು, ತುರಿಕೆ, ಊತಗಳನ್ನು ಉಂಟುಮಾಡುತ್ತದೆ. ಸಾಮಾನ್ಯ ಅಲರ್ಜಿ ಮಾತ್ರೆಗಳು ತಡೆಯುವುದು ಈ ಕೊನೆಯ ಹಂತವನ್ನು. ಹೀಗೆ ಎರ್ಲಿಕ್ ಬೇರೆಬೇರೆಯಾಗಿ ಗುರುತಿಸಿದ ಕೋಶ ಮತ್ತು ಗ್ರಾಹಕಗಳೆರಡೂ ಅಲರ್ಜಿಯ ವಿವರಣೆಯಲ್ಲಿ ಒಂದಾದವು.

ಸ್ಮರಣೆ

ಜರ್ಮನಿಯ ಲಾಂಗೆನ್‌ನಲ್ಲಿರುವ ಲಸಿಕೆ ಹಾಗೂ ಜೈವಿಕ ಔಷಧಗಳ ಸರ್ಕಾರಿ ಸಂಸ್ಥೆಗೆ ಅವರ ಹೆಸರಿಡಲಾಗಿದೆ. ಜರ್ಮನಿಯ ೨೦೦ ಮಾರ್ಕ್ ನೋಟಿನ ಮೇಲೂ ಅವರ ಭಾವಚಿತ್ರವಿತ್ತು.