ಕಪ್ಪೆಗಳ ಲೋಕ ತೆರೆದ ಪ್ರಾಧ್ಯಾಪಕ ಸಿ.ಆರ್. ನಾರಾಯಣರಾವ್

ಮುಂಗಾರಿನ ಮೊದಲ ಮಳೆ ಸುರಿದ ರಾತ್ರಿ ಹೊಸಪೇಟೆ, ಕಂಪ್ಲಿ ಭಾಗದ ಗದ್ದೆಗಳಲ್ಲಿ ಕಪ್ಪೆಗಳ ಕೂಗು ಕೇಳದವರಿಲ್ಲ. ಆ ಜೀವಿಗಳನ್ನು ಶಾಸ್ತ್ರೀಯವಾಗಿ ಗುರುತಿಸಿ ಹೆಸರಿಟ್ಟ ಮೊದಲ ತಲೆಮಾರಿನ ಭಾರತೀಯರಲ್ಲಿ ಒಬ್ಬರು ಇದೇ ಬಳ್ಳಾರಿ ಸೀಮೆಯಲ್ಲಿ ಓದಿ ಬೆಳೆದವರು ಎಂಬುದು ಇಲ್ಲಿನ ಹಲವರಿಗೆ ತಿಳಿಯದ ಸಂಗತಿ. ಅವರೇ ಪ್ರೊ. ಸಿ.ಆರ್. ನಾರಾಯಣರಾವ್.

1882ರ ಆಗಸ್ಟ್ 15ರಂದು ಜನಿಸಿದ ನಾರಾಯಣರಾಯರು ಬಳ್ಳಾರಿಯಲ್ಲಿ ವ್ಯಾಸಂಗ ಮಾಡಿದರು. ಹೊಸಪೇಟೆಯೂ ಸೇರಿದಂತೆ ಈ ಪ್ರದೇಶ ಆಗ ಮದರಾಸು ಪ್ರಾಂತ್ಯಕ್ಕೆ ಒಳಪಟ್ಟಿತ್ತು. ಮುಂದೆ ಮದ್ರಾಸ್ ಕ್ರಿಶ್ಚಿಯನ್ ಕಾಲೇಜು ಸೇರಿ, ಪ್ರಾಣಿಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿಯನ್ನೂ ಚಿನ್ನದ ಪದಕವನ್ನೂ ಪಡೆದರು. ಕೊಯಮತ್ತೂರು ಹಾಗೂ ಎರ್ನಾಕುಲಂಗಳಲ್ಲಿ ಅಧ್ಯಾಪಕರಾಗಿದ್ದು, ಬಳಿಕ ಬೆಂಗಳೂರಿನ ಸೆಂಟ್ರಲ್ ಕಾಲೇಜಿಗೆ ಬಂದರು. ಅಲ್ಲಿ ಪ್ರಾಣಿಶಾಸ್ತ್ರ ವಿಭಾಗವನ್ನು ಕಟ್ಟಿ ಬೆಳೆಸಿ, 1937ರಲ್ಲಿ ನಿವೃತ್ತರಾದರು.

ಪಾಠ ಹೇಳುವುದಷ್ಟೇ ಪ್ರಾಧ್ಯಾಪಕನ ಕೆಲಸವೆಂದು ಅವರು ಭಾವಿಸಲಿಲ್ಲ. 1918ರಲ್ಲಿ ಕಿರಿದಾದ ಬಾಯಿಯ ಕಪ್ಪೆಗಳ ಗೊದಮೊಟ್ಟೆಗಳನ್ನು ಕುರಿತು ಬರೆದರು. 1920ರಲ್ಲಿ ಕೊಡಗಿನ ಬ್ರಹ್ಮಗಿರಿಯ ಜೌಗುನೆಲದಿಂದ ಹೊಸ ಪ್ರಭೇದವೊಂದನ್ನು ಪರಿಚಯಿಸಿದರು. 1925ರಲ್ಲಿ ರಾಮಣ್ಣ ಎಂಬುವರೊಡನೆ 'ರಾಮನೆಲ್ಲ' ಎಂಬ ಹೊಸ ಕುಲವನ್ನೇ ಸ್ಥಾಪಿಸಿದರು.

ಗೊದಮೊಟ್ಟೆಯ ಬಾಲದ ಬುಡದಲ್ಲಿ ಮೂಡುವ ಸಣ್ಣ ಮೊಗ್ಗೇ ಕಾಲಾಗುತ್ತದೆ. ಮೊಗ್ಗಿನೊಳಗಿನ ಕೋಶಗಳು ಮೊದಲು ಮೃದ್ವಸ್ಥಿಯಾಗಿ, ಅನಂತರ ಮೂಳೆಯಾಗಿ ಮಾರ್ಪಡುತ್ತವೆ. ಇಂದು ವಿಜ್ಞಾನಿಗಳು ಆಕರಕೋಶಗಳಿಂದ ಪ್ರಯೋಗಾಲಯದ ತಟ್ಟೆಯಲ್ಲಿ ಮೃದ್ವಸ್ಥಿ ಬೆಳೆಸಿ ಅರಿಯಲು ಯತ್ನಿಸುತ್ತಿರುವುದು ಈ ಕ್ರಮವನ್ನೇ. ರಾಯರು ಇಂತಹ ಪ್ರಯೋಗ ಮಾಡಿದವರಲ್ಲ. ಆದರೆ ಪ್ರಯೋಗಕ್ಕೆ ಒಳಗಾಗುವ ಜೀವಿ ಯಾವುದೆಂದು ಖಚಿತವಾಗದ ಹೊರತು ಫಲಿತಾಂಶಕ್ಕೆ ಬೆಲೆಯಿಲ್ಲ. ಆ ತಳಹದಿಯನ್ನು ಹಾಕಿದವರಲ್ಲಿ ಅವರೂ ಒಬ್ಬರು.

1992ರಲ್ಲಿ ಒಡಿಶಾದ ಉತ್ಕಲ ವಿಶ್ವವಿದ್ಯಾಲಯದ ಪ್ರಿಯಂವದಾ ಮೊಹಂತಿ ಹೆಜ್ಮಾಡಿ ಮತ್ತು ಸಂಗಡಿಗರು 'ನೇಚರ್' ಪತ್ರಿಕೆಯಲ್ಲಿ ಅಚ್ಚರಿಯ ವರದಿ ಪ್ರಕಟಿಸಿದರು. ಬಾಲ ಕತ್ತರಿಸಿದ ಗೊದಮೊಟ್ಟೆಗಳಿಗೆ 'ಎ' ಜೀವಸತ್ವ ನೀಡಿದಾಗ ಬಾಲದ ಜಾಗದಲ್ಲಿ ಕಾಲುಗಳು ಬೆಳೆದಿದ್ದವು! ಆ ಕಪ್ಪೆ 'ಯುಪೆರೋಡಾನ್' ಕುಲದ್ದು. ರಾಯರು 1918ರಲ್ಲಿ ಅಭ್ಯಸಿಸಿದ ಕುಟುಂಬಕ್ಕೇ ಸೇರಿದ್ದು. 2016ರಲ್ಲಿ ವಿಜ್ಞಾನಿಗಳು ರಾಮನೆಲ್ಲ ಕುಲವನ್ನೂ ಯುಪೆರೋಡಾನ್‌ನಲ್ಲಿಯೇ ವಿಲೀನಗೊಳಿಸಿದರು.

ಕುಲದ ಹೆಸರು ಅಳಿದರೂ ರಾಯರ ಹೆಸರು ಉಳಿಯಿತು. 2010ರಲ್ಲಿ ಪೊದೆಗಪ್ಪೆಗಳ ಕುಲವೊಂದಕ್ಕೆ ಅವರ ಗೌರವಾರ್ಥ 'ರಾವೋರ್ಕೆಸ್ಟಿಸ್' ಎಂದು ನಾಮಕರಣವಾಯಿತು. ಪಶ್ಚಿಮಘಟ್ಟದಲ್ಲಿ ಹೇರಳವಾಗಿರುವ ಈ ಕಪ್ಪೆಗಳಲ್ಲಿ ನೀರಿನಲ್ಲಿ ಈಜುವ ಗೊದಮೊಟ್ಟೆಯ ಹಂತವೇ ಇಲ್ಲ. ಮೊಟ್ಟೆಯೊಳಗೇ ಕಾಲುಗಳು ರೂಪುಗೊಂಡು ಮರಿಗಪ್ಪೆ ಹೊರಬರುತ್ತದೆ. ಕಾಲಿನ ಬೆಳವಣಿಗೆಯನ್ನು ಅರಿಯಬಯಸುವವರಿಗೆ ಇದೊಂದು ಸಹಜ ಪಾಠಶಾಲೆ.

ಭಾರತದ ವಿಶ್ವವಿದ್ಯಾಲಯಗಳಲ್ಲಿ ಸಂಶೋಧನೆ ನಡೆಯಲೇಬೇಕೆಂಬುದು ರಾಯರ ದೃಢ ನಿಲುವಾಗಿತ್ತು. 1932ರಲ್ಲಿ ಬೆಂಗಳೂರಿನಿಂದ ಹೊರಟ 'ಕರೆಂಟ್ ಸೈನ್ಸ್' ಪತ್ರಿಕೆಯ ಸ್ಥಾಪಕ ಸಂಪಾದಕರಾಗಿ ಅದಕ್ಕೆ ವೇದಿಕೆಯನ್ನೂ ಒದಗಿಸಿದರು. ಆ ಪತ್ರಿಕೆ ಇಂದಿಗೂ ಪ್ರಕಟವಾಗುತ್ತಿದೆ.

ಈ ಸಾಧನೆಯ ಜೊತೆಗೊಂದು ನಷ್ಟವೂ ಇದೆ. ಕೆಂಪುಹೊಳೆಯ ಕಾಡು ಮೊದಲಾದೆಡೆ ದೊರೆತ ಹಲವು ಪ್ರಭೇದಗಳನ್ನು ಅವರು 1937ರಲ್ಲಿ ವರ್ಣಿಸಿದ್ದರು. ಕಾಲೇಜಿನ ಸಂಗ್ರಹದಲ್ಲಿದ್ದ ಅವುಗಳ ಮೂಲ ಮಾದರಿಗಳು ಕಾಲಾನಂತರದಲ್ಲಿ ಕಳೆದುಹೋದವು. ಮಾದರಿಯಿಲ್ಲದೆ ಕೆಲವು ಹೆಸರುಗಳು ಯಾವ ಕಪ್ಪೆಗೆ ಸಲ್ಲಬೇಕೆಂಬುದನ್ನು ನಿರ್ಣಯಿಸುವುದು ನಂತರದ ತಜ್ಞರಿಗೆ ಕಠಿಣವಾಯಿತು.

ರಾಯರು 1960ರ ಜನವರಿ 2ರಂದು ನಿಧನರಾದರು. ವಿದ್ವಾಂಸನೊಬ್ಬ ಜೀವಮಾನವಿಡೀ ಕೂಡಿಟ್ಟದ್ದನ್ನು ಕಾಯುವ ಹೊಣೆ ಆತನ ನಂತರದವರದು. ನಮ್ಮ ಕಾಲೇಜುಗಳ ಕಪಾಟುಗಳಲ್ಲಿ ಧೂಳು ಹಿಡಿದು ಕುಳಿತಿರುವ ಗಾಜಿನ ಭರಣಿಗಳನ್ನು ಇನ್ನಾದರೂ ಜೋಪಾನ ಮಾಡಿದರೆ, ಅದು ಅವರಿಗೆ ಸಲ್ಲಿಸಬಹುದಾದ ನಿಜವಾದ ಗೌರವ.